ಒಣ ಸೊಪ್ಪು ಹಾಕಿದ ಹಂದಿ ಮಾಂಸ

ಪ್ರಶ್ನೆ: ಚೀನೀ ಶೈಲಿಯಲ್ಲಿ ಒಣಗಿಸಿದ ಸಾಸಿವೆ ಸೊಪ್ಪು (ಮೇ ಗಾನ್ ತ್ಸಾಯ್) ಹಾಕಿ ಹಂದಿ ಮಾಂಸ ಹುರಿದರೆ ಬಾಣಲೆ ತುಂಬ ನೀರು, ಮಾಂಸ ರಬ್ಬರಿನಂತೆ, ಹಲ್ಲಿಗೆ ಮರಳು. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಮೊದಲು ಮರಳು. 50 ಗ್ರಾಂ ಸೊಪ್ಪನ್ನು ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ. ನೀರು ಬಗ್ಗಿಸಬೇಡಿ, ಸೊಪ್ಪನ್ನೇ ಮೇಲೆತ್ತಿ. ಮರಳು ತಳದಲ್ಲೇ ಉಳಿಯುತ್ತದೆ. ನಾಲ್ಕೈದು ಸಲ ಹೀಗೆ ತೊಳೆದು ಒಂದೆಳೆ ಬಾಯಿಗೆ ಹಾಕಿ ನೋಡಿ. ತೀರಾ ಉಪ್ಪಿದ್ದರೆ ಇನ್ನೊಂದು ಗಂಟೆ ನೆನೆಸಿ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ, ಸಣ್ಣಗೆ ಹೆಚ್ಚಿ, ಎಣ್ಣೆಯಿಲ್ಲದ ಬಾಣಲೆಯಲ್ಲಿ ಹಬೆ ನಿಂತು ಘಮ ಬರುವವರೆಗೆ ಹುರಿದು ತೆಗೆದಿಡಿ. ನೀರು ಬಿಡಲು ಮುಖ್ಯ ಕಾರಣ ಈ ಹಂತ ಬಿಡುವುದೇ.

ಮಾಂಸ 300 ಗ್ರಾಂ, ಸ್ವಲ್ಪ ಕೊಬ್ಬಿರಲೇಬೇಕು. ಒಣ ಸೊಪ್ಪು ಕೊಬ್ಬನ್ನು ಹೀರಿಯೇ ಮೆತ್ತಗಾಗುವುದು. ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ತೆಳ್ಳಗೆ ಕತ್ತರಿಸಲು ಸುಲಭ. ನಾರಿಗೆ ಅಡ್ಡಲಾಗಿ ಕತ್ತರಿಸಿ. ಉದ್ದಕ್ಕೆ ಕತ್ತರಿಸಿದರೆ ಜಗಿಯಲಾಗದು. ಸೋಯಾ ಸಾಸ್ 1 ಚಮಚ, ಕಾರ್ನ್‌ಫ್ಲೋರ್ 1 ಚಮಚ, ನೀರು 1 ಚಮಚ ಬೆರೆಸಿ 15 ನಿಮಿಷ ಬಿಡಿ. ಉಪ್ಪು ಬೇಡವೇ ಬೇಡ.

ಬಾಣಲೆ ಹೊಗೆಯಾಡುವಷ್ಟು ಕಾಯಲಿ. ಮಾಂಸವನ್ನು ಎರಡು ಸರದಿಯಲ್ಲಿ ಹುರಿಯಿರಿ. ಒಟ್ಟಿಗೆ ಸುರಿದರೆ ಬಾಣಲೆ ತಣಿದು ಮಾಂಸ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಶುಂಠಿ, ಬೆಳ್ಳುಳ್ಳಿ, ಒಣಮೆಣಸು, ಸೊಪ್ಪು, 1 ಚಮಚ ಸಕ್ಕರೆ ಸೇರಿಸಿ ಎರಡು ನಿಮಿಷ ಕೈಯಾಡಿಸಿ. ಸಕ್ಕರೆ ತಪ್ಪಿಸಬೇಡಿ, ಉಪ್ಪಿನ ಚುರುಕು ಅದರಿಂದಲೇ ಹದಕ್ಕೆ ಬರುವುದು.

ಕರಾವಳಿಯ ಮಳೆಗಾಲದಲ್ಲಿ ಒಡೆದ ಪೊಟ್ಟಣ ಬೇಗ ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಬೂಸು ಕಂಡರೆ ಪೂರ್ತಿ ಎಸೆಯಿರಿ.