ಮೊದಲು ಬಲ್ಬ್ ಬದಲಿಸಿ, ಆಮೇಲೆ ಮೇಜು ಉಜ್ಜಿ

ಪ್ರಶ್ನೆ: ಅಜ್ಜನ ಕಾಲದ ಸಾಗುವಾನಿ ಊಟದ ಮೇಜನ್ನು ತೀರ್ಥಹಳ್ಳಿ ಮನೆಯಿಂದ ಬೆಂಗಳೂರಿನ ಫ್ಲ್ಯಾಟ್‌ಗೆ ತಂದಿದ್ದೇವೆ. ಮೇಲೆಲ್ಲ ಬಿಳಿ ಉಂಗುರಗಳು, ಒಂದೆರಡು ಕಪ್ಪು ಕಲೆ. ಕಳೆಯೇ ಇಲ್ಲ, ಬೂದು ಬೂದಾಗಿ ಕಾಣುತ್ತದೆ. ಪಾಲಿಶ್‌ನವರು ಮೆಷಿನ್ ಹಾಕಿ ಪೂರ್ತಿ ಉಜ್ಜಿ ಪಿಯು (ಪಾಲಿಯುರಥೇನ್ ಅನ್ನುವ ಗಟ್ಟಿ ಲೇಪ) ಹೊಡೆಯೋಣ ಅಂತಾರೆ. ಒಪ್ಪಬಹುದಾ? ಫೋಟೋ ಕಳಿಸಿದ್ದೇನೆ. – ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಮ್ಮ ಫೋಟೋದಲ್ಲಿ ಮೇಜಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಗೋಡೆಯ ಮೇಲಿರುವ ಬಿಳಿ ಟ್ಯೂಬ್‌ಲೈಟ್. ಅದರ ಡಬ್ಬಿ ಮೇಲೆ 6500 ಕೆ ಅಂತ ಬರೆದಿರುತ್ತದೆ, ನೋಡಿ. ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ಬೆಳಕು ನೀಲಿ, ಇಳಿದಷ್ಟೂ ಹಳದಿ. ನೀಲಿ ಛಾಯೆಯ ಆ ಬೆಳಕಿನಲ್ಲಿ ಸಾಗುವಾನಿಯ ಜೇನು ಬಣ್ಣ ಬೂದಾಗಿ ಕಾಣುವುದು ಸಹಜ. ಮೇಜು ಮಾತ್ರ ಅಲ್ಲ, ತಟ್ಟೆಯಲ್ಲಿರುವ ಸಾರಿನ ಕೆಂಪೂ ಸತ್ತುಹೋಗುತ್ತದೆ. 2700 ಅಥವಾ 3000 ಕೆ ಇರುವ, ಸಿಆರ್‌ಐ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕ, ನೂರಕ್ಕೆ) 90ಕ್ಕಿಂತ ಜಾಸ್ತಿ ಇರುವ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬ್ ತಂದು ಹಾಕಿ. ಒಂದು ವಾರ ಅದರ ಕೆಳಗೇ ಊಟ ಮಾಡಿ. ಆಮೇಲೂ ಮೇಜು ಕಳೆಗುಂದಿದೆ ಅನ್ನಿಸಿದರೆ ಮುಂದಿನ ಕೆಲಸ.

ಮುಂದಿನ ಕೆಲಸ ಅಂದರೆ ಉಜ್ಜುವುದಲ್ಲ, ಮೇಲಿರುವ ಪಾಲಿಶ್ ಯಾವುದು ಅಂತ ತಿಳಿಯುವುದು. ಮೇಜಿನ ಕಾಲಿನ ಒಳಬದಿಯಲ್ಲಿ, ಯಾರಿಗೂ ಕಾಣದ ಕಡೆ, ಹತ್ತಿಗೆ ಎರಡು ಹನಿ ಪಾಲಿಶ್ ಸ್ಪಿರಿಟ್ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ತೆಗೆದಾಗ ಅಂಟು ಅಂಟಾಗಿ ಹತ್ತಿಯ ಮೇಲೆ ಕಂದು ಬಣ್ಣ ಬಂದರೆ ಅದು ಅರಗಿನ ಪಾಲಿಶ್. ನಮ್ಮ ಹಳೇ ಮೇಜು ಕುರ್ಚಿಗಳಲ್ಲಿ ಬಹಳಷ್ಟಕ್ಕೆ ಇದನ್ನೇ ಹಚ್ಚುತ್ತಿದ್ದರು. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು. ಏನೂ ಬರದಿದ್ದರೆ ಮೆಲಮೈನ್ (ಸ್ಪಿರಿಟ್‌ಗೆ ಕರಗದ ಗಟ್ಟಿ ಪಾಲಿಶ್) ಅಥವಾ ಅಂಥದ್ದೇ ಬೇರೆ ಏನೋ ಇದೆ ಅಂತ ಅರ್ಥ, ಆಗ ಉಜ್ಜಬೇಕಾಗಿ ಬರಬಹುದು.

ಅರಗಾಗಿದ್ದರೆ ನಿಮ್ಮ ಕೆಲಸ ಮುಕ್ಕಾಲು ಪಾಲು ಹಗುರ. ಬಿಳಿ ಉಂಗುರ ಮರದೊಳಗೆ ಇಳಿದಿಲ್ಲ, ಬಿಸಿ ಪಾತ್ರೆಯ ಹಬೆ ಪಾಲಿಶ್‌ನ ಪದರದಲ್ಲೇ ಸಿಕ್ಕಿಕೊಂಡಿದೆ ಅಷ್ಟೇ. ಒಲೆ ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಒಂದೇ ಬೆರಳಿನಿಂದ ಮರದ ಎಳೆ ಹೋದ ದಿಕ್ಕಿನಲ್ಲೇ ಮೆಲ್ಲಗೆ ತಿಕ್ಕಿ. ಹತ್ತು ನಿಮಿಷ ತಾಳ್ಮೆ ಬೇಕು. ಉಂಗುರ ಅಂಚಿನಿಂದ ಕರಗುತ್ತಾ ಬರುವುದು ಕಣ್ಣಿಗೆ ಕಾಣುತ್ತದೆ, ನೋಡಲು ನಿಜಕ್ಕೂ ಖುಷಿ. ಕಪ್ಪು ಕಲೆ ಮಾತ್ರ ಬೇರೆ ಜಾತಿ. ಒದ್ದೆ ಕಬ್ಬಿಣದ ಪಾತ್ರೆಯೋ ಡಬ್ಬಿಯೋ ಕೂತ ಕಡೆ ಕಬ್ಬಿಣವೂ ಮರದ ಒಗರೂ ಬೆರೆತು ಆದದ್ದು, ಅದು ಒಳಗೆ ಇಳಿದಿರುತ್ತದೆ. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು, ಅದು ವಿಷ. ಗ್ಲೌಸ್ ಹಾಕಿಕೊಂಡು ಮಾಡುವ ಅನುಭವಸ್ಥರಿಗೆ ಬಿಡಿ. ಇಲ್ಲದಿದ್ದರೆ ಕಲೆ ಹಾಗೇ ಇರಲಿ, ಅಜ್ಜಿ ಇಟ್ಟ ಡಬ್ಬಿಯ ಗುರುತು ಅದು, ಅಲ್ವಾ?

ಆಮೇಲೆ ಹೊಸ ಪಾಲಿಶ್‌ನ ಒಂದು ಕೈ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಕರಗಲು ಬಿಟ್ಟು, ಬೆಳಿಗ್ಗೆ ಸೋಸಿ, ಹತ್ತಿಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿಕೊಂಡು ತೆಳ್ಳಗೆ ಎಳೆಯುತ್ತಾ ಹೋಗಬೇಕು. ಹೊಸ ಅರಗು ಹಳೇ ಅರಗನ್ನು ಕರಗಿಸಿ ಅದರಲ್ಲೇ ಬೆರೆಯುತ್ತದೆ. ನಾಳೆ ಇನ್ನೊಂದು ಉಂಗುರ ಬಿದ್ದರೂ ಅಷ್ಟು ಜಾಗ ಮಾತ್ರ ಸರಿ ಮಾಡಬಹುದು. ಮಳೆಗಾಲದಲ್ಲಿ ಬೇಡ, ಗಾಳಿಯ ತೇವಕ್ಕೆ ಪಾಲಿಶ್ ಬೆಳ್ಳಗಾಗಿಬಿಡುತ್ತದೆ. ಸ್ಪಿರಿಟ್ ಬೇಗ ಹತ್ತಿಕೊಳ್ಳುವ ವಸ್ತು, ಹಾಗಾಗಿ ಕಿಟಕಿ ತೆಗೆದಿಡಿ, ಅಡುಗೆಮನೆ ಪಕ್ಕದಲ್ಲೇ ಇದ್ದರೆ ಗ್ಯಾಸ್ ಆರಿಸಿ, ದೇವರ ದೀಪವನ್ನೂ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಕುಕ್ಕರ್ ನೇರ ಮೇಜಿಗೆ ಬರುವ ಪದ್ಧತಿ ಇದ್ದರೆ ಪಿಯು ತಪ್ಪೇನಲ್ಲ. ಅದು ಬಿಸಿ ಮತ್ತು ನೀರನ್ನು ಅರಗಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಒಮ್ಮೆ ಕೆಟ್ಟರೆ ಅಷ್ಟು ಜಾಗ ಮಾತ್ರ ಸರಿ ಮಾಡುವುದು ಕಷ್ಟ, ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಉಜ್ಜಿಸಬೇಕು. ನನ್ನ ಆಯ್ಕೆ ಅರಗು, ಜೊತೆಗೆ ಪ್ರತಿ ಪಾತ್ರೆಯ ಕೆಳಗೆ ಒಂದು ಸಿಂಬೆ.

ಮೆಷಿನ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ತವರಿನ ಮೇಜಿನ ಮೇಲೆ ಪಾಲಿಶ್‌ನವರೊಬ್ಬರು ಹೀಗೇ ಮೆಷಿನ್ ಓಡಿಸಿದರು. ಅದು ಇಡೀ ಮರ ಅಲ್ಲ, ಮೇಲೆ ತೆಳ್ಳನೆ ಬೀಟೆ ವೆನೀರ್ ಅಂಟಿಸಿದ್ದು. ಎರಡೇ ನಿಮಿಷದಲ್ಲಿ ನಡುವೆ ಅಂಗೈ ಅಗಲ ಬಿಳಿ ಮರ ಎದ್ದು ಬಂತು. ಅಮ್ಮ ಅಲ್ಲೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಅದನ್ನು ಸರಿ ಮಾಡಲು ಆಗಲೇ ಇಲ್ಲ. ಆದ್ದರಿಂದ ಹಲಗೆಯ ಅಂಚನ್ನು ಬಗ್ಗಿ ನೋಡಿ. ಮೇಲಿನ ಎಳೆ ಅಂಚಿಗೂ ಇಳಿದು ಬಂದಿದ್ದರೆ ಇಡೀ ಮರ. ಗೆರೆ ಎಳೆದಂತೆ ತೆಳು ಪದರ ಕಂಡರೆ ಮೆಷಿನ್ ಹತ್ತಿರಕ್ಕೂ ಬರಬಾರದು.

ಪ್ರಶ್ನೆ: ಊಟದ ಜಾಗ 10 ಅಡಿಗೆ 9 ಅಡಿ. ಆರು ಜನರ ಮೇಜು, ಮೇಲೆ ತೂಗುದೀಪ ಬೇಕು ಅಂತ ಆಸೆ. ನಟ್ಟನಡುವೆ ಫ್ಯಾನ್ ಇದೆ, ತೆಗೆಯಲು ಮನೆಯವರು ಒಪ್ಪುವುದಿಲ್ಲ. – ಗೃಹಿಣಿ, ಹುಬ್ಬಳ್ಳಿ

ಉತ್ತರ: ಮನೆಯವರು ಹೇಳುವುದೇ ಸರಿ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಫ್ಯಾನ್ ಇಲ್ಲದೆ ಊಟಕ್ಕೆ ಕೂರುವುದು ಹೇಗೆ? ಆದರೆ ಫ್ಯಾನ್ ಪಕ್ಕದಲ್ಲಿ ದೀಪ ತೂಗಿಬಿಟ್ಟರೆ ಗಾಳಿಗೆ ಓಲಾಡುತ್ತದೆ, ರೆಕ್ಕೆಗಿಂತ ಮೇಲೆ ದೀಪ ಹಾಕಿದರೆ ತಟ್ಟೆಯ ಮೇಲೆ ನೆರಳು ಮಿಟುಕುತ್ತಲೇ ಇರುತ್ತದೆ, ತಲೆನೋವು ಬರುತ್ತದೆ.

ಮೇಜಿನ ಜಾಗ ಬದಲಿಸಿ. ಆರು ಜನಕ್ಕೆ 5 ಅಡಿಗೆ 3 ಅಡಿ ಮೇಜು ಬೇಕು. ಕುರ್ಚಿ ಎಳೆದು ಏಳಲು, ಹಿಂದೆ ಓಡಾಡಲು ಸುಮಾರು 3 ಅಡಿ. ನಡುವೆ ಇಟ್ಟರೆ ಮೇಜಿನ ಅಗಲ, ಎರಡೂ ಕಡೆಯ ಓಡಾಟದ ಜಾಗ ಸೇರಿ 9 ಅಡಿ ಅಲ್ಲಿಗೇ ಮುಗಿಯಿತು, ಪಾತ್ರೆ ಇಡಲು ಒಂದು ಸ್ಟೂಲಿಗೂ ಜಾಗವಿಲ್ಲ. ಅದರ ಬದಲು ಒಂದು ಕಡೆ ಗೋಡೆಗೆ ತಾಗಿಸಿ ಒಂದೂಕಾಲು ಅಡಿ ಅಗಲದ ಬೆಂಚು ಹಾಕಿ. ಬೆಂಚಿನ ಹಿಂದೆ ಯಾರೂ ಓಡಾಡಬೇಕಿಲ್ಲ, ಹತ್ತಿರ ಹತ್ತಿರ 2 ಅಡಿ ಉಳಿಯುತ್ತದೆ. ಅದೇ ಗೋಡೆಯಿಂದ ಮೇಜಿನ ಮೇಲಕ್ಕೆ ತೋಳು ಚಾಚಿದ ದೀಪ ಹಾಕಿಸಿ, ಮೇಜಿನಿಂದ 75–85 ಸೆಂಟಿಮೀಟರ್ ಎತ್ತರದಲ್ಲಿ. ತೋಳು ಗಟ್ಟಿ ಇದ್ದರೆ ಗಾಳಿಗೆ ಅಲುಗುವುದಿಲ್ಲ. ಕೂತವರ ಕಣ್ಣಿಗೆ ಬಲ್ಬ್ ನೇರ ಹೊಡೆಯದಂತೆ ಶೇಡ್ ಆಳವಾಗಿರಲಿ. ಬೆನ್ನ ಹಿಂದಿನ ದೀಪವೊಂದನ್ನೇ ನಂಬಬೇಡಿ, ಉಣ್ಣುವವರ ನೆರಳು ಅವರ ತಟ್ಟೆಯ ಮೇಲೇ ಬೀಳುತ್ತದೆ.

ಪ್ರಶ್ನೆ: ಬೆತ್ತ ಹೆಣೆದ ಕುರ್ಚಿಗಳು ಜೋತುಬಿದ್ದಿವೆ. ಬಿಸಾಡಿ ಕುಶನ್ ಕುರ್ಚಿ ತಗೊಳ್ಳಲಾ? – ಓದುಗರು, ಪುತ್ತೂರು

ಉತ್ತರ: ಬಿಸಾಡಬೇಡಿ! ಎಳೆ ಎಲ್ಲೂ ಕಿತ್ತುಹೋಗಿಲ್ಲ ತಾನೇ? ಹಾಗಾದರೆ ಕುರ್ಚಿಯನ್ನು ತಲೆಕೆಳಗು ಮಾಡಿ, ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಬೆತ್ತದ ಅಡಿಭಾಗವನ್ನು ಚೆನ್ನಾಗಿ ನೆನೆಸಿ. ಮೇಲಿನ ಹೊಳಪಿನ ಬದಿ ನೀರು ಹೀರುವುದಿಲ್ಲ, ಅಡಿಯ ಬದಿ ಹೀರುತ್ತದೆ. ನೆರಳಲ್ಲಿ ಒಂದೆರಡು ದಿನ ಹಾಗೇ ಬಿಡಿ, ಒಣಗುತ್ತಾ ಬಿಗಿಯಾಗುತ್ತದೆ. ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು. ಎಳೆ ಕಿತ್ತಿದ್ದರೆ ಮರು ಹೆಣಿಗೆಯೇ ಆಗಬೇಕು. ಇನ್ನೊಂದು ವಿಷಯ, ಮೇಜು 30 ಇಂಚು ಎತ್ತರ ಇದ್ದರೆ ಕೂರುವ ಜಾಗ 18 ಇಂಚಿನಲ್ಲಿ ಇರಬೇಕು. ದಪ್ಪ ಕುಶನ್ ಹಾಕಿದರೆ ಆ ಲೆಕ್ಕ ತಪ್ಪಿ ಮೊಣಕಾಲು ಮೇಜಿಗೆ ತಾಗುತ್ತದೆ, ಅಳೆದು ನೋಡಿ.