ಮೂರು ತಿಂಗಳ ಮಗು ಕೈಕಾಲು ಆಡಿಸುವುದನ್ನು ನೋಡಿ ಮುಂದೆ ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗಾದ ಪೆಟ್ಟಿನಿಂದ ಮೈಕೈ ಚಲನೆಯ ಹತೋಟಿ ತಪ್ಪುವ ತೊಂದರೆ) ಬರಬಹುದೆಂದು ಹೇಳಲಾದೀತೇ?

ಬಹುಮಟ್ಟಿಗೆ ಹೇಳಬಹುದು. ಅವಧಿಗೆ ಮುನ್ನ ಹುಟ್ಟಿದ ಅಥವಾ ಹುಟ್ಟುವಾಗ ಉಸಿರುಗಟ್ಟಿದ ಮಗುವನ್ನು ಅಂಗಾತ ಮಲಗಿಸಿ, ಆಟಿಕೆ ತೋರಿಸದೆ, ಮಾತಾಡಿಸದೆ, ಮೂರರಿಂದ ಐದು ನಿಮಿಷ ವಿಡಿಯೋ ಮಾಡುತ್ತಾರೆ. (ಅಳುತ್ತಿದ್ದರೆ ಆ ವಿಡಿಯೋ ಕೆಲಸಕ್ಕೆ ಬಾರದು.) ತರಬೇತಾದವರು ಹುಡುಕುವುದು ಜೋರಾದ ಒದೆತವನ್ನಲ್ಲ, ಕತ್ತು, ಮಣಿಕಟ್ಟು, ಕಣಕಾಲುಗಳಲ್ಲಿ ಎಲ್ಲ ದಿಕ್ಕಿಗೂ ಹೊರಳುವ ಪುಟ್ಟ ಪುಟ್ಟ ಚಲನೆಯನ್ನು. ವೈದ್ಯರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿದರೆ 3ರಿಂದ 5 ತಿಂಗಳಲ್ಲಿ ಇದು ಕಾಣಬೇಕು.

ಈ ಚಲನೆಗಳನ್ನು ಮಿದುಳುಕಾಂಡ, ಬೆನ್ನುಹುರಿಯ ನರಜಾಲ ತಾನಾಗಿಯೇ ಹುಟ್ಟಿಸುತ್ತದೆ. ಅದಕ್ಕೆ ಏರಿಳಿತ, ವೈವಿಧ್ಯ ತುಂಬುವುದು ಮೇಲಿನ ಮಿದುಳು. ಅಲ್ಲಿ ಪೆಟ್ಟಾಗಿದ್ದರೆ ಚಲನೆ ಬಿಗಿಯಾಗುತ್ತದೆ, ಒಂದೇ ತೆರನಾಗುತ್ತದೆ; ಪುಟ್ಟ ಚಲನೆಗಳು ಕಾಣಿಸುವುದೇ ಇಲ್ಲ. ಆಸ್ಟ್ರಿಯಾ ಮೂಲದ ನರವಿಜ್ಞಾನಿ ಹೈಂಜ್ ಪ್ರೆಕ್ಟಲ್ ತಂಡ 1997ರಲ್ಲಿ ತೋರಿಸಿದ್ದು ಇದನ್ನೇ. ಎಂಆರ್‌ಐ ಜೊತೆಗೂಡಿಸಿ ನೋಡಿದರೆ ಅಂದಾಜು ಇನ್ನೂ ಗಟ್ಟಿ. ಒಂದು ವರ್ಷ ಕಾಯದೆ ಆಗಲೇ ಫಿಸಿಯೋಥೆರಪಿ ಶುರುಮಾಡಬಹುದು.