ಗೆದ್ದಾಗ ‘ನಾವು’, ಸೋತಾಗ ‘ತಂಡ’

ಪ್ರಿಯರೆ,

ಭಾರತ ಫುಟ್‌ಬಾಲ್ ತಂಡದ 2023ರ ಪಂದ್ಯಗಳ ಬಗ್ಗೆ ನೀವು ಕಳಿಸಿದ ಲೇಖನ ಕೈಸೇರಿ ಹತ್ತು ದಿನ ಆಯಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮೂರು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಸಿಟ್ಟು ಬಂತು. ಮೂರನೇ ಸಲ ಪೆನ್ಸಿಲ್ ಹಿಡಿದು ಕೂತೆ.

ಲೆಕ್ಕ ಸರಿಯಾಗಿದೆ. ಮಾರ್ಚ್‌ನ ಇಂಫಾಲದಿಂದ ನವೆಂಬರ್‌ನ ಭುವನೇಶ್ವರದವರೆಗೆ 16 ಪಂದ್ಯ, 8 ಗೆಲುವು, 5 ಡ್ರಾ, 3 ಸೋಲು. ಸಮ ಆಗಿ ಪೆನಾಲ್ಟಿ ಶೂಟೌಟ್‌ಗೆ ಹೋದ ಪಂದ್ಯಗಳನ್ನು ಡ್ರಾ ಎಂದೇ ಹಿಡಿದಿದ್ದೀರಿ, ಅದೇ ಕ್ರಮ. ದಿನಾಂಕಗಳೂ ತಪ್ಪಿಲ್ಲ. ಕನ್ನಡದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವವರೇ ಕಡಿಮೆ, ಅದಕ್ಕೂ ಸಂತೋಷ.

ಈಗ ನನಗೆ ಸಿಟ್ಟು ತರಿಸಿದ ಸಾಲುಗಳು. ನಿಮ್ಮವೇ, ಬರೆದ ಹಾಗೇ ಎತ್ತಿಕೊಡುತ್ತೇನೆ. ‘ಕಂಠೀರವದಲ್ಲಿ ಪಾಕಿಸ್ತಾನವನ್ನು ನಾವು 4–0ಯಿಂದ ಧೂಳೀಪಟ ಮಾಡಿದೆವು.’ ಮುಂದಿನ ಪುಟದಲ್ಲಿ, ದಕ್ಷಿಣ ಏಷ್ಯಾ ಟೂರ್ನಿಯ ಬಗ್ಗೆ, ‘ಸ್ಯಾಫ್ ಕಪ್ಪನ್ನು ನಾವು ಒಂಬತ್ತನೇ ಸಲ ಎತ್ತಿದೆವು.’ ಸೆಪ್ಟೆಂಬರ್‌ಗೆ ಬಂದಾಗ, ‘ಕಿಂಗ್ಸ್ ಕಪ್‌ನಲ್ಲಿ ಇರಾಕ್ ಎದುರು ತಂಡ ಎಡವಿತು.’ ಅಕ್ಟೋಬರ್‌ನಲ್ಲಿ, ಕೋಚ್ ಹೆಸರಿಗೆ ಹೊರಿಸಿ, ‘ಮಲೇಷ್ಯಾದಲ್ಲಿ ಸ್ಟಿಮ್ಯಾಚ್ ಪಡೆ 2–4ರಿಂದ ಮುಗ್ಗರಿಸಿತು.’ ನವೆಂಬರ್ 16ಕ್ಕೆ ಕುವೈತ್‌ನಲ್ಲಿ ಮನ್‌ವೀರ್ ಸಿಂಗ್ ಗೋಲು ಹೊಡೆದ ಕೂಡಲೇ ಮತ್ತೆ ‘ನಾವು ಗೆದ್ದೆವು’. ಐದೇ ದಿನಕ್ಕೆ, ‘ಕತಾರ್ ಎದುರು ಆಟಗಾರರು 0–3ರಿಂದ ಶರಣಾದರು.’

ನೀವೇ ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಗೆದ್ದಾಗಲೆಲ್ಲ ನೀವು ಒಳಗಿದ್ದೀರಿ. ಸೋತಾಗಲೆಲ್ಲ ಹೊರಗೆ ನಿಂತಿದ್ದೀರಿ. ಇರಾಕ್ ಎದುರಿನ ಪಂದ್ಯದಲ್ಲಿ ಭಾರತ ಎರಡು ಸಲ ಮುಂದಿತ್ತು. 2–2 ಆಗಿ ಶೂಟೌಟ್‌ನಲ್ಲಿ ಕೈತಪ್ಪಿತು. ಅಷ್ಟು ಹತ್ತಿರ ಹೋಗಿ ಬಂದವರನ್ನು ‘ತಂಡ ಎಡವಿತು’ ಅಂತ ಎರಡೇ ಪದದಲ್ಲಿ ಕಳಿಸಿಬಿಟ್ಟಿರಿ. ಇದು ಬರೀ ವ್ಯಾಕರಣದ ಮಾತಲ್ಲ. ಆ ‘ನಾವು’ ಎದ್ದು ಹೋಗುವಾಗ ಜೊತೆಗೆ ಮನುಷ್ಯರನ್ನೂ ಕರೆದುಕೊಂಡು ಹೋಗಿದೆ. ಅದು ನನ್ನನ್ನು ಜಾಸ್ತಿ ಕಾಡಿತು.

ಸ್ಯಾಫ್‌ನಲ್ಲೇ ಜೂನ್ 27ರ ಕುವೈತ್ ಪಂದ್ಯವನ್ನೇ ತಗೊಳ್ಳಿ. ‘ಕೊನೆ ಗಳಿಗೆಯ ಉಡುಗೊರೆ ಗೋಲಿನಿಂದ ಪಂದ್ಯ 1–1 ಆಯಿತು’ ಅಂತ ಬರೆದಿದ್ದೀರಿ. ಯಾರ ಕಾಲಿಗೆ ತಗುಲಿತು? ನಮ್ಮ ಡಿಫೆಂಡರ್ ಅನ್ವರ್ ಅಲಿ ಅವರ ಕಾಲಿಗೆ. ಹೃದಯದ ತೊಂದರೆ ಇದೆ, ಆಡಬೇಡ ಅಂದಾಗ ಕೋರ್ಟ್‌ವರೆಗೆ ಹೋಗಿ ಮೈದಾನಕ್ಕೆ ವಾಪಸ್ ಬಂದ ಹುಡುಗ. ಅವತ್ತಿನವರೆಗೆ ಆ ವರ್ಷ ಎಂಟು ಪಂದ್ಯ ಆಗಿದ್ದವು, ಭಾರತ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಒಂಬತ್ತನೆಯದರ ಇಂಜುರಿ ಟೈಮ್‌ನಲ್ಲಿ ಮೊದಲ ಗೋಲು ಬಿತ್ತು. ಅದೂ ನಮ್ಮವನ ಕಾಲಿಂದಲೇ. ಈ ಲೆಕ್ಕವೆಲ್ಲ ನಿಮ್ಮ ಲೇಖನದಲ್ಲೇ ಚೂರುಚೂರಾಗಿ ಬಿದ್ದಿದೆ. ಅನ್ವರ್ ಹೆಸರು ಬರೆಯಲು ಕೈ ಹಿಂಜರಿದಿದ್ದರಿಂದ ಅವು ಒಂದಕ್ಕೊಂದು ಕೂಡಲೇ ಇಲ್ಲ.

ಇನ್ನು ಜುಲೈ 4ರ ಸ್ಯಾಫ್ ಫೈನಲ್, ಎದುರಿಗೆ ಮತ್ತೆ ಕುವೈತ್. ನೀವು ಬರೆದಿದ್ದು ಇಷ್ಟೇ: ‘ಕಿಕ್ಕಿರಿದ ಕ್ರೀಡಾಂಗಣ, ರೋಮಾಂಚಕ ಶೂಟೌಟ್, ಗುರುಪ್ರೀತ್ ಗೋಡೆಯಂತೆ ನಿಂತರು, ನಾವು 5–4ರಿಂದ ಗೆದ್ದೆವು.’ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ನಿಲ್ಲಲಿಲ್ಲ, ಹಾರಿದರು. ಗೋಡೆ ಹಾರೋದಿಲ್ಲ ಅಲ್ವಾ? ಆದರೆ ನನ್ನ ಪೆನ್ಸಿಲ್ ನಿಂತಿದ್ದು ಅಲ್ಲಲ್ಲ. ಕುವೈತ್‌ನ ಮೊದಲ ಒದೆ ಗೋಲಾಗಲಿಲ್ಲ. ಭಾರತ ಮುಂದಿತ್ತು. ನಾಲ್ಕನೆಯವರಾಗಿ ಬಂದ ಉದಾಂತ ಸಿಂಗ್ ಒದ್ದಿದ್ದು ತಪ್ಪಿತು, ಲೆಕ್ಕ ಸರಿಸಮ ಆಯಿತು. ಐದೈದು ಒದೆ ಮುಗಿದಾಗ 4–4. ಆಮೇಲೆ ಒಂದೊಂದೇ ಒದೆಯ ಸಡನ್ ಡೆತ್‌ನಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದರು, ಗುರುಪ್ರೀತ್ ಕುವೈತ್ ನಾಯಕನ ಒದೆ ತಡೆದರು. ನಿಮ್ಮಲ್ಲಿ ಉದಾಂತ ಇಲ್ಲವೇ ಇಲ್ಲ. ಬೆಂಗಳೂರು ಎಫ್‌ಸಿ ಅಂಗಿ ತೊಟ್ಟು ಇದೇ ಕಂಠೀರವದಲ್ಲಿ ವರ್ಷಗಟ್ಟಲೆ ಓಡಿದ ಹುಡುಗ. ಎರಡು ವಾರದ ಹಿಂದೆ ಪಾಕಿಸ್ತಾನದ ಮೇಲೆ ನಾಲ್ಕನೇ ಗೋಲು ಹೊಡೆದಿದ್ದೂ ಅವರೇ. ಅಲ್ಲಿ ಹೆಸರು ಹಾಕಿದ್ದೀರಿ. ಇಲ್ಲಿ ಅಳಿಸಿದ್ದೀರಿ.

ಉದಾಂತ, ಮಹೇಶ್ ಇಬ್ಬರೂ ಮಣಿಪುರದವರು. ನಿಮ್ಮ ಲೇಖನ ಶುರುವಾಗೋದೇ ಆ ರಾಜ್ಯದ ರಾಜಧಾನಿ ಇಂಫಾಲದಲ್ಲಿ. ಮಾರ್ಚ್‌ನಲ್ಲಿ ಅಲ್ಲಿ ಮ್ಯಾನ್ಮಾರ್, ಕಿರ್ಗಿಸ್ತಾನ ಎರಡನ್ನೂ ಸೋಲಿಸಿದ್ದು, ತುಂಬಿದ ಸ್ಟೇಡಿಯಂ, ಎಲ್ಲ ಇದೆ. ಮೇ 3ರಿಂದ ಜನಾಂಗೀಯ ಹಿಂಸೆಗೆ ಸಿಕ್ಕಿ ಆ ರಾಜ್ಯ ಹೊತ್ತಿ ಉರಿಯಿತು. ಮನೆ ಕಡೆ ಹಾಗಿರುವಾಗ ಈ ಇಬ್ಬರು ಜುಲೈನಲ್ಲಿ ಬೆಂಗಳೂರಿನಲ್ಲಿ ಪೆನಾಲ್ಟಿ ಒದೆಯಲು ನಡೆದು ಬಂದರು. ಒಬ್ಬರದ್ದು ತಪ್ಪಿತು, ಒಬ್ಬರದ್ದು ಒಳಗೆ ಹೋಯಿತು. ನಿಮ್ಮ ‘ನಾವು’ ಅನ್ನೋದರೊಳಗೆ ಇವರಿಗೆ ಜಾಗ ಇದೆಯಾ? ಇದ್ದರೆ ಅದು ಪುಟದ ಮೇಲೆ ಕಾಣಬೇಕು.

ಇಷ್ಟು ಹಟ ಯಾಕೆ ಅಂದರೆ, ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆಯುವ ಲೀಗ್ ಪಂದ್ಯಗಳಿಗೆ ನನ್ನನ್ನು ಕಳಿಸುತ್ತಿದ್ದರು. ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆಗಳ ತಂಡಗಳು ಜೋರಾಗಿದ್ದ ಕಾಲ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಗೂ ಒಂದು ತಂಡ ಇತ್ತು. ಅದು ಗೆದ್ದ ದಿನ ವರದಿ ತುಂಬ ‘ನಮ್ಮ ಹುಡುಗರು’ ಅಂತ ಬರೆದೆ. ಮುಂದಿನ ವಾರ ಒಂದು ಗೋಲಿನಿಂದ ಸೋತಿತು. ಚೆಂಡು ಗೋಲ್‌ಕೀಪರ್ ಕೈಯಿಂದ ಜಾರಿತ್ತು. ‘ಗೋಲ್‌ಕೀಪರ್‌ನ ಕಳಪೆ ಆಟ, ತಂಡಕ್ಕೆ ಸೋಲು’ ಅಂತ ತಲೆಬರಹ ನಾನೇ ಕೊಟ್ಟೆ.

ಕ್ರೀಡಾ ಪುಟ ನೋಡುತ್ತಿದ್ದ ಹಿರಿಯರು ಎರಡೂ ಕಟಿಂಗ್ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ‘ಹೋದ ವಾರ ನೀನೂ ಆಡಿದ್ದೆ. ಈ ವಾರ ಎಲ್ಲಿ ಹೋಗಿದ್ದೆ?’ ಅಂದರು. ನಾನು ಸುಮ್ನೆ ನಿಂತೆ. ‘ಹೋಗಿ ಅವನನ್ನು ಮಾತಾಡಿಸಿಕೊಂಡು ಬಾ.’

ಮಾರನೇ ದಿನ ಬೆಳಿಗ್ಗೆ ಕಾರ್ಖಾನೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಆತ ಸಿಕ್ಕರು. ಬಲಗೈಯ ಎರಡು ಬೆರಳು ಸೇರಿಸಿ ಪ್ಲಾಸ್ಟರ್ ಸುತ್ತಿತ್ತು. ಪ್ಲಾಸ್ಟರ್ ಅಂಚು ಮಷಿನ್ ಎಣ್ಣೆಯಿಂದ ಕಪ್ಪಾಗಿತ್ತು. ಟೀ ಲೋಟ ಎಡಗೈಯಲ್ಲಿ. ಪಂದ್ಯಕ್ಕೆ ಎರಡು ದಿನ ಮುಂಚೆ ಲೇತ್‌ನಲ್ಲಿ ಬೆರಳು ಜಜ್ಜಿತ್ತಂತೆ, ಬೇರೆ ಕೀಪರ್ ಇರಲಿಲ್ಲವಂತೆ. ನನ್ನನ್ನು ಬೈಯಲಿಲ್ಲ. ನನಗೂ ಒಂದು ಟೀ ಹೇಳಿದರು. ಆಮೇಲೆ ರಸ್ತೆ ಕಡೆ ನೋಡುತ್ತಾ, ‘ಪೇಪರ್ ಅಮ್ಮ ಓದಿದ್ರು ಕಣಪ್ಪ’ ಅಂದರು. ಆ ಟೀ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಈಗಲೂ ‘ಕಳಪೆ’ ಅನ್ನೋ ಪದ ಬಂದರೆ ಬೆರಳು ತಡೆಯುತ್ತದೆ.

ಹಾಗಂತ ‘ನಾವು’ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ವರದಿಗೆ ಅದು ಬೇಡ. ನಿಮ್ಮದು ವರದಿ ಅಲ್ಲ, ಅಭಿಮಾನಿಯೊಬ್ಬ ಒಂದು ವರ್ಷವನ್ನು ನೆನೆಸಿಕೊಳ್ಳುವ ಬರಹ. ಅಲ್ಲಿ ‘ನಾವು’ ಇರಲಿ, ಆದರೆ ಡಿಸೆಂಬರ್‌ವರೆಗೂ ಇರಲಿ. ‘ಭುವನೇಶ್ವರದಲ್ಲಿ ಕತಾರ್ ಎದುರು ನಾವು ಸೋತೆವು’ ಅಂತ ಒಮ್ಮೆ ಬರೆದು ನೋಡಿ. ಮುಂದಿನ ಸಾಲು ಬೇರೆಯೇ ಬರುತ್ತದೆ. ಆ ವರ್ಷ ನಮ್ಮ ನೆಲದಲ್ಲಿ ಹನ್ನೊಂದು ಪಂದ್ಯ ಸೋಲದೆ ಬಂದು ಹನ್ನೆರಡನೆಯದರಲ್ಲಿ ಬಿದ್ದೆವು ಅನ್ನೋದು ಆಗ ತಾನಾಗಿ ನೆನಪಾಗುತ್ತದೆ. ‘ಧೂಳೀಪಟ’ವನ್ನೂ ದಯವಿಟ್ಟು ತೆಗೆಯಿರಿ. ಅವತ್ತು ಮಳೆ. ಮೈದಾನ ನೆನೆದಿತ್ತು. ವೀಸಾ ತಡವಾಗಿ ಪಾಕಿಸ್ತಾನದ ಹುಡುಗರು ಪಂದ್ಯದ ದಿನವೇ ಊರಿಗೆ ಬಂದು ಇಳಿದಿದ್ದರು. ಚೆಟ್ರಿ ಅವರ ಹ್ಯಾಟ್ರಿಕ್ ಇದರಿಂದ ಸಣ್ಣದಾಗೋದಿಲ್ಲ, ಹೇಳಿಬಿಡಿ.

ಕೊನೆಗೆ ನಿಮ್ಮ ಲೇಖನದ ಜೊತೆ ಬಂದ ಪತ್ರದ ವಿಷಯ. ಫೈನಲ್‌ಗೆ ಮಾವನ ಜೊತೆ ಹೋಗಿದ್ದೆ, ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆದೆವು ಅಂತ ಬರೆದಿದ್ದೀರಿ. ಅದರ ಕೆಳಗೆ ಹೀಗಿದೆ: ‘ಉದಾಂತ ಒದ್ದಿದ್ದು ತಪ್ಪಿದಾಗ ಮಾವ ನನ್ನ ಮೊಣಕೈ ಹಿಡ್ಕೊಂಡ್ರು. ಅವರ ಕೈ ತಣ್ಣಗಿತ್ತು.’ ಎಂಟು ಪುಟದ ಲೇಖನದಲ್ಲಿ ಇಂಥ ಒಂದು ಸಾಲಿಲ್ಲ. ಉದಾಂತ ಪತ್ರದಲ್ಲಿದ್ದಾರೆ, ಲೇಖನದಲ್ಲಿಲ್ಲ. ನಿಮ್ಮ ಮಾವನೂ ಅಷ್ಟೇ.

ಆ ಎರಡು ಸಾಲಿಂದ ಶುರು ಮಾಡಿ. ಮಾವ ಕೈ ಬಿಟ್ಟಿದ್ದು ಯಾವಾಗ? ಗುರುಪ್ರೀತ್ ತಡೆದಾಗಲಾ, ಅಥವಾ ಪಂದ್ಯ ಮುಗಿದು ಇಡೀ ಸ್ಟೇಡಿಯಂ ವಂದೇ ಮಾತರಂ ಹಾಡಿದಾಗಲಾ? ಮುಂದಿನ ಸಂಚಿಕೆಯ ಪುಟಗಳು 20ನೇ ತಾರೀಕು ಹೊರಡುತ್ತವೆ. ಅಷ್ಟರೊಳಗೆ ಕಳಿಸಿ, ಎರಡು ಪುಟ ಹಿಡಿದಿಟ್ಟಿರುತ್ತೇನೆ.

ನಿಮ್ಮ
ಸಂಪಾದಕ